ಬೋರಣ್ಣನ ನೀಲಿ ಬಲ್ಬು

ನನ್ನ ಅಕ್ಕನ ಗಂಡ ಬೋರಣ್ಣನಂಥ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಇದು ಹೊಗಳಿಕೆಯಲ್ಲ. ಹನ್ನೊಂದು ವರ್ಷ ಅವನ ಮನೆಯಲ್ಲಿದ್ದು, ಅವನ ರೇಡಿಯೊ ರಿಪೇರಿ ಅಂಗಡಿಯ ಅರ್ಧ ಭಾಗದಲ್ಲಿ ಎಸ್‌ಟಿಡಿ ಬೂತು ನಡೆಸಿದವಳು ನಾನು. ಅವನ ಬಗ್ಗೆ ಮಾತನಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಈ ಮಾಲತಿಗೇ. ನನ್ನ ಮದುವೆ ಯಾಕೆ ಆಗಲಿಲ್ಲ ಎಂದು ಮಾತ್ರ ನಡುವೆ ಕೇಳಬೇಡಿ, ಅದು ಬೇರೆ ಕತೆ.

ಅಂಗಡಿ ಇದ್ದದ್ದು ಮೊಳಕಾಲ್ಮೂರಿನಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡು. ಮುಂದೆ ಅಂಗಡಿ, ಹಿಂದೆ ಮನೆ. ಭಾವ ಹುಟ್ಟಿದ್ದು ನನ್ನಿವಾಳದ ಕಡೆಯ ಕುರಿಗಾರರ ಮನೆಯಲ್ಲಿ. ಹದಿನೆಂಟರವರೆಗೆ ಕುರಿ ಕಾದು, ಆಮೇಲೆ ಬಳ್ಳಾರಿಗೆ ಹೋಗಿ ರೇಡಿಯೊ ರಿಪೇರಿ ಕಲಿತ. ಕುರಿ ಬಿಟ್ಟರೂ ಕುರಿಗಾರನ ಕಿವಿ ಅವನನ್ನು ಬಿಡಲಿಲ್ಲ. ಇನ್ನೂರು ಕುರಿಗಳ ನಡುವೆ ಒಂದು ಮರಿ ಅರಚಿದರೆ ಅದು ಯಾವ ತಾಯಿಯದೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದನಂತೆ. ಪ್ರತಿಯೊಂದು ದನಿಗೂ ಒಬ್ಬ ಯಜಮಾನ ಇದ್ದಾನೆ ಎನ್ನುವುದು ಅವನ ಸಿದ್ಧಾಂತ. ಹಾಳಾದ ಸಿದ್ಧಾಂತ.

ತೊಂಬತ್ತೇಳರ ಕೊನೆಯಲ್ಲಿ ಬಳ್ಳಾರಿಯ ಒಂದು ಮದುವೆಗೆ ಹೋಗಿದ್ದವನು ಹುಚ್ಚು ಹಿಡಿಸಿಕೊಂಡು ಬಂದ. ಅಲ್ಲಿ ಹಾಡು ಏರಿದಂತೆ, ಇಳಿದಂತೆ ಬಣ್ಣದ ದೀಪಗಳು ತಾವಾಗಿಯೇ ಹತ್ತಿ ಆರುತ್ತಿದ್ದವಂತೆ. "ಮಾಲತೀ, ಹಾಡು ಕಣ್ಣಿಗೆ ಕಾಣ್ತೈತೆ ಕಣೇ!" ಎಂದು ಮೂರು ದಿನ ಬಡಬಡಿಸಿದ. ನಾಲ್ಕನೆಯ ದಿನ ಗಿರಾಕಿಗಳ ರೇಡಿಯೊಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮೂಲೆಗೆ ತಳ್ಳಿ, ತಾನೂ ಅಂಥದ್ದೊಂದು ಪೆಟ್ಟಿಗೆ ಕಟ್ಟಲು ಕೂತ.

ಪೆಟ್ಟಿಗೆಯ ಕೆಲಸ ಅದರ ಮೈಕಿಗೆ ಬಿದ್ದ ಹಾಡನ್ನು ಮೂರಾಗಿ ಸೋಸುವುದು. ಡೋಲಿನಂಥ ದಪ್ಪ ದನಿಗೆ ಕೆಂಪು ಬಲ್ಬು, ಮಾತಿನಂಥ ನಡುದನಿಗೆ ಹಳದಿ, ಮೇಲಿನ ಸಣ್ಣ ದನಿಗೆ ನೀಲಿ. ಬಲ್ಬು ಕೂರಿಸಲು ಚಳ್ಳಕೆರೆಯ ಎಣ್ಣೆ ಗಿರಣಿಗಳಿಂದ ಹದಿನೈದು ಕೆಜಿಯ ಖಾಲಿ ಡಬ್ಬಗಳನ್ನು ತಂದು ಕತ್ತರಿಸಿದ. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಡಬ್ಬದ ಜಿಡ್ಡು ಹೋಗಲಿಲ್ಲ. ಬಲ್ಬು ಕಾದ ಕೂಡಲೇ ಶೇಂಗಾ ಎಣ್ಣೆಯ ವಾಸನೆ ಘಮ್ಮೆಂದು ಏಳುತ್ತಿತ್ತು. ಅಂಗಡಿಯ ಮುಂದೆ ಹೋಗುವವರು ಒಳಗೆ ಇಣುಕಿ, "ಬೋಂಡ ಹೆಂಗ್ ಕೊಡ್ತೀರಿ?" ಎಂದು ಕೇಳಿ ನನ್ನ ಹತ್ತಿರ ಉಗಿಸಿಕೊಂಡು ಹೋಗುತ್ತಿದ್ದರು.

ಯಾವ ದನಿಗೆ ಯಾವ ಬಲ್ಬು ಎಂದು ತಿರುಪು ತಿರುಗಿಸಿ ಹೊಂದಿಸಬೇಕಿತ್ತು. ಬಳ್ಳಾರಿಯ ಅವನ ಗುರುಗಳ ಹತ್ತಿರ ಅದಕ್ಕೆಂದೇ ಬೇಕಾದ ದನಿ ಹೊರಡಿಸುವ ಯಂತ್ರವಿತ್ತು. ಭಾವನ ಹತ್ತಿರ ನಾವಿದ್ದೆವು. ಕೆಂಪನ್ನು ಪಕ್ಕದ ಹಿಟ್ಟಿನ ಗಿರಣಿಗೆ ಹೊಂದಿಸಿದ. ಹಳದಿಯನ್ನು ನಾನು ಫೋನಿನಲ್ಲಿ ಕೂಗುವ "ಹಲೋ, ಜೋರಾಗಿ ಮಾತಾಡ್ರೀ"ಗೆ ಹೊಂದಿಸಿದ. ಎರಡನ್ನೂ ಹೇಗೋ ಮಾಡಿ ಮುಗಿಸಿದ, ನನ್ನ ದನಿಗೆ ಕಾಲು ಗಂಟೆಯೂ ಕೊಡಲಿಲ್ಲ. ಹಾಗಾಗಿ ಯಾರು ಬಾಯಿ ತೆರೆದರೂ ಹಳದಿ ಹತ್ತುತ್ತಿತ್ತು.

ನೀಲಿಗೆ ಮಾತ್ರ ಒಂದು ತಿಂಗಳು ತೆಗೆದುಕೊಂಡ. ಯಾಕೆಂದರೆ ಅದಕ್ಕೆ ಅವನು ಆರಿಸಿಕೊಂಡಿದ್ದು ನನ್ನ ಅಕ್ಕ ತಿಪ್ಪೇರುದ್ರಮ್ಮನ ಬೈಗುಳವನ್ನು.

ಅಕ್ಕ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ, ಕೈ ಬಲು ನಯ. ಬಾಯಿ ಹಾಗಲ್ಲ. ಗಂಡನನ್ನು ಬೈಯಲು ನಿಂತರೆ ದನಿ ಏರುತ್ತಾ ಏರುತ್ತಾ ಒಂದು ಜಾಗಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಹಲಗೆಯ ಮೇಲಿನ ಸ್ಟೀಲು ಲೋಟಗಳು ಕೂಡ ಅದಕ್ಕೆ ಗುಂಯ್‌ಗುಡುತ್ತವೆ. ಭಾವ ಅಡುಗೆಮನೆಯ ಕಿಟಕಿಯಲ್ಲಿ ಬೆಳ್ಳುಳ್ಳಿ ಗೊಂಚಲಿನ ಹಿಂದೆ ಮೈಕು ಕಟ್ಟಿ, ದಿನಾ ಬೈಸಿಕೊಂಡು, ಕೂದಲೆಳೆಯಷ್ಟು ತಿರುಪು ತಿರುಗಿಸಿದ. ಬೇರೆ ಯಾರಾದರೂ ಆಗಿದ್ದರೆ ಎಲ್ಲ ಸಣ್ಣ ದನಿಗೂ ಹತ್ತುವ ಹಾಗೆ ಜಾಗ ಬಿಡುತ್ತಿದ್ದರು. ಈ ಮಹಾನುಭಾವ ಮಂದೆಯಲ್ಲಿ ಒಂದೇ ಮರಿಯನ್ನು ಹುಡುಕಿ ಹಿಡಿದಂತೆ ಅಕ್ಕನ ಆ ಒಂದೇ ದನಿಯನ್ನು ಹಿಡಿದ. ಆಮೇಲೆ ಊರೂರಿಗೆ ಒಯ್ಯುವಾಗ ಬಸ್ಸಿನ ಕುಲುಕಾಟಕ್ಕೆ ಅಲ್ಲಾಡಬಾರದೆಂದು ತಿರುಪುಗಳ ಮೇಲೆ ಅರಗು ಕರಗಿಸಿ ಸುರಿದು ಮುದ್ರೆ ಹಾಕಿದ.

ಮೊದಲ ಪ್ರದರ್ಶನ ಮಾರ್ಚ್ ತಿಂಗಳಲ್ಲಿ, ನಮ್ಮೂರಿನ ನೇಕಾರರ ಸಂಘವೊಂದರ ವಾರ್ಷಿಕೋತ್ಸವದಲ್ಲಿ. ಅಕ್ಕ ರೇಷ್ಮೆ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಹಾಡು ಶುರುವಾಯಿತು. ಕೆಂಪು ಕುಣಿಯಿತು, ಹಳದಿ ಕುಣಿಯಿತು, ಜನ ಹೋ ಎಂದರು. ನೀಲಿ ಡಬ್ಬ ಮಾತ್ರ ಸತ್ತಂತೆ ಕೂತಿತ್ತು. ಹಾಡುವವಳು ಎಷ್ಟು ಮೇಲಕ್ಕೆ ಹೋದರೂ ಉಹೂಂ. ಅಧ್ಯಕ್ಷರು, "ಅದ್ಯಾಕಪ್ಪ ಕೆಟ್ಟೈತೆ?" ಎಂದರು. ಸುಮ್ಮನಿರಬಹುದಿತ್ತು. ಬಲ್ಬು ಹೋಗಿದೆ ಎನ್ನಬಹುದಿತ್ತು. ಈ ಪುಣ್ಯಾತ್ಮ ಮೈಕಿನ ಮುಂದೆ ಬಂದು, ಎರಡೂ ಕೈ ಜೋಡಿಸಿ, ಭಾಷಣದ ಧಾಟಿಯಲ್ಲಿ ಹೇಳಿದ: "ಕೆಟ್ಟಿಲ್ಲ ಸ್ವಾಮಿ. ಅದು ನಮ್ಮನೇರು ನನ್ನ ಬೈಯುವಾಗ ಮಾತ್ರ ಹತ್ತೋದು. ಅಂಥ ದನಿ ಈ ತಾಲ್ಲೂಕಲ್ಲೇ ಇನ್ನೊಂದಿಲ್ಲ."

ದೇವರಾಣೆ, ಅವನು ಹೆಮ್ಮೆಯಿಂದ ಹೇಳಿದ್ದು. ಹೆಂಡತಿಗೆ ಸನ್ಮಾನ ಮಾಡಿದೆ ಎಂದೇ ಅವನ ಎಣಿಕೆ. ಜನ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಅಕ್ಕ ಸೆರಗು ಹೊದ್ದು ಎದ್ದು ಹೋದಳು. ಮಾರನೆಯ ದಿನ ನಲ್ಲಿಯ ಹತ್ತಿರ ಎದುರು ಮನೆಯ ನಿಂಗಕ್ಕ, "ಏನ್ ತಿಪ್ಪೇರುದ್ರಕ್ಕ, ಇವತ್ತು ನೀಲಿ ಹತ್ತಿತಾ?" ಎಂದು ಕೇಳಿದಳು. ಅಕ್ಕ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದಳು. ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟಳು.

ಮಾತು ಬಿಡುವುದೆಂದರೆ ಪೂರ್ತಿ. ಬೈಗುಳವೂ ಇಲ್ಲ. "ಮಾಲತೀ, ಅವರಿಗೆ ರೊಟ್ಟಿ ಐತೆ ಅಂತ ಹೇಳು" ಎನ್ನುವಳು, ಅವನು ಎರಡು ಮೊಳ ದೂರದಲ್ಲಿ ಕೂತಿದ್ದರೂ. ಹಗಲೆಲ್ಲ ಊರಿನವರ ಫೋನು, ಮನೆಗೆ ಬಂದರೆ ಇವರದು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಭಾವ ಮೊದಲು ಕ್ಷಮೆ ಕೇಳಿದ. ಅಕ್ಕ ಕುಚ್ಚು ಕಟ್ಟುತ್ತಲೇ ಇದ್ದಳು. ಬೈಗುಳವಾದರೂ ಬರಲಿ ಎಂದು ಬೇಕೆಂದೇ ತಪ್ಪು ಮಾಡತೊಡಗಿದ. ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಬಂದ. ಅಕ್ಕ ನೆಲ ಒರೆಸಿದಳು. ಹಾಲು ಚೆಲ್ಲಿದ. ಅಕ್ಕ ಬೆಕ್ಕನ್ನು ಕರೆದಳು. ಹುಳ ಬಿದ್ದ ಬದನೆಕಾಯಿಯನ್ನೇ ಆರಿಸಿ ಎರಡು ಕೆಜಿ ತಂದ. ಅಕ್ಕ ಹುಳ ತೆಗೆದು ಪಲ್ಯ ಮಾಡಿದಳು. ನನಗೇ ತಡೆಯಲಾಗದೆ, "ನಿಂಗೇನು ಕಣ್ಣು ಕುರುಡಾ ಭಾವ!" ಎಂದು ಚೀರಿದೆ. ಅಂಗಡಿಯಲ್ಲಿ ಹಳದಿ ಹತ್ತಿತು. ಭಾವ ಅದನ್ನು ನೋಡಿ ನಿಟ್ಟುಸಿರು ಬಿಟ್ಟ, ನನಗೆ ಇನ್ನೂ ಸಿಟ್ಟು ಬಂತು.

ಇದರ ನಡುವೆ ಮೇ ತಿಂಗಳ ಮೊದಲ ವಾರಕ್ಕೆ ಚಳ್ಳಕೆರೆಯ ಎಣ್ಣೆ ಗಿರಣಿ ಯಜಮಾನರಾದ ಮುರುಗೇಂದ್ರಪ್ಪನವರ ಮಗಳ ಮದುವೆ. ಬಣ್ಣದ ದೀಪದ ಕೆಲಸ ಮೊದಲೇ ಒಪ್ಪಿಕೊಂಡಾಗಿತ್ತು. ನಾನು ಸ್ಕ್ರೂಡ್ರೈವರು ತಂದು ಅವನ ಕೈಗಿಟ್ಟು, "ಆ ಅರಗು ಕೆರೆದು ನೀಲಿನ ಎಲ್ಲರ ದನಿಗೂ ಹೊಂದಿಸು ಭಾವ, ಐದು ನಿಮಿಷದ ಕೆಲಸ" ಎಂದೆ. ಅವನು ಸ್ಕ್ರೂಡ್ರೈವರನ್ನು ಹಿಂದಕ್ಕೆ ಕೊಟ್ಟ.

"ಅವಳ ದನಿ ಈಗ ಮನೇಲಿಲ್ಲ ಮಾಲತಿ. ಇದ್ರಾಗೆ ಮಾತ್ರ ಐತೆ. ಇದ್ನೂ ತಿರುವಿ ಕೆಡಿಸ್ಲಾ?"

ನಾನು ಸ್ಕ್ರೂಡ್ರೈವರನ್ನು ತೆಗೆದುಕೊಂಡು ಹೋಗಿ ಅದರ ಜಾಗದಲ್ಲಿಟ್ಟೆ. ಅವನು ಸೊರಗಿಹೋಗಿದ್ದ. ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗವಾಗಿತ್ತು. ನನಗೆ ಅವತ್ತು ನಿಜವಾಗಿ ಭಯವಾಯಿತು. ಅಕ್ಕ ಇನ್ನು ಮಾತಾಡುವುದೇ ಇಲ್ಲವೇನೋ, ಈ ಮನುಷ್ಯ ಹೀಗೇ ಕರಗಿ ಹೋಗುತ್ತಾನೇನೋ ಎನಿಸಿತು.

ಮದುಮಗಳ ಸೀರೆಗಳಿಗೆ ಕುಚ್ಚು ಕಟ್ಟಿದವಳೆಂದು ಅಕ್ಕನಿಗೂ ಕರೆ ಬಂದಿತ್ತು. ಹೋಗುವುದಿಲ್ಲ ಎಂದವಳನ್ನು ನಾನು ರಟ್ಟೆ ಹಿಡಿದು ಬಸ್ಸು ಹತ್ತಿಸಿದೆ. ಗಂಡ ಮುಂದಿನ ಸೀಟಿನಲ್ಲಿ ಡಬ್ಬ ತಬ್ಬಿಕೊಂಡು ಕೂತ, ಹೆಂಡತಿ ಹಿಂದಿನ ಸೀಟಿನಲ್ಲಿ, ನಾನು ನಡುವೆ ಟಿಕೆಟ್ಟು ಹಿಡಿದುಕೊಂಡು.

ಆ ದಿನಗಳಲ್ಲಿ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಅದಕ್ಕೆ ಆರತಕ್ಷತೆಯ ಹಾಡುಗಾರಿಕೆಯನ್ನು ಮಧ್ಯಾಹ್ನ ಮೂರಕ್ಕೇ ಇಟ್ಟಿದ್ದರು. ದೀಪ ಕಾಣಬೇಕೆಂದು ಭಾವ ಮಂಟಪದ ಕಿಟಕಿಗಳಿಗೆಲ್ಲ ಕರಿ ಕಂಬಳಿ ಕಟ್ಟಿಸಿದ. ಚಳ್ಳಕೆರೆಯ ಮೇ ತಿಂಗಳು, ಕಂಬಳಿ, ಒಳಗೆ ಐನೂರು ಜನ, ಅದರ ಮೇಲೆ ಕಾದ ಶೇಂಗಾ ಎಣ್ಣೆಯ ವಾಸನೆ. ಮೊದಲ ಹಾಡು ಮುಗಿಯುವ ಮುಂಚೆಯೇ ಬೀಗರ ಕಡೆಯವರು ಬಿಸಿ ಬಜ್ಜಿ ಬರುತ್ತಿದೆಯೆಂದು ಎದ್ದು ಊಟದ ಮನೆಗೆ ಹೋಗಿ, ಪೆಚ್ಚು ಮೋರೆ ಹಾಕಿಕೊಂಡು ವಾಪಸು ಬಂದರು.

ಮುರುಗೇಂದ್ರಪ್ಪನವರಿಗೆ ಮೊದಲೇ ಸೆಕೆ, ಈಗ ಸಿಟ್ಟೂ ಸೇರಿತು. ವೇದಿಕೆಯ ಮುಂದೆ ಬಂದು ಹಾಡು ನಿಲ್ಲಿಸಿದರು. "ಏನಪ್ಪಾ ಬೋರಣ್ಣ, ಮೂರು ಬಣ್ಣ ಅಂದು ಎರಡು ಬಣ್ಣ ತಂದೀಯಲ್ಲ! ಬೀಗರ ಮುಂದೆ ನನ್ನ ಮರ್ಯಾದೆ ಏನಾಗಬೇಕು? ಕುರಿ ಕಾಯೋನಿಗೆ ಕರೆಂಟಿನ ಕೆಲಸ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು!"

ಭಾವ ತಲೆ ತಗ್ಗಿಸಿ ತನ್ನ ಪೆಟ್ಟಿಗೆಯ ಮೈಕಿನ ಪಕ್ಕ ನಿಂತಿದ್ದ. ನಾನು ಏಳಬೇಕೆನ್ನುವಷ್ಟರಲ್ಲಿ ಪಕ್ಕದಲ್ಲಿ ಸೀರೆ ಸರಕ್ಕೆಂದಿತು. ಅಕ್ಕ ಆಗಲೇ ವೇದಿಕೆಯ ಹತ್ತಿರ ಇದ್ದಳು.

"ಯಜಮಾನ್ರೇ, ನಿಮ್ಮ ಕಿಟಕಿಗೆ ಕಟ್ಟಿರೋ ಕಂಬಳಿ ಯಾವ ಕಾರ್ಖಾನೇಲಿ ಬೆಳೀತ್ರೀ? ಕುರಿ ಕಾಯೋರಂದ್ರೆ ಅಷ್ಟು ಸಸಾರನಾ ನಿಮ್ಗೆ?" ಎಂದಳು.

 ಬೈಗುಳದ ಕತೆ ಚಳ್ಳಕೆರೆಯವರೆಗೂ ಬಂದಿತ್ತಲ್ಲ, ಐನೂರು ತಲೆಗಳು ಒಟ್ಟಿಗೆ ನೀಲಿ ಡಬ್ಬದ ಕಡೆ ತಿರುಗಿದವು. ಹಳದಿ ಹತ್ತಿತು. ನೀಲಿ ಹತ್ತಲಿಲ್ಲ. ಅಕ್ಕ ಇನ್ನೂ ನಾಲ್ಕು ಮಾತು ಜಾಡಿಸಿದಳು, ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು, ಆದರೂ ಹಳದಿಯೇ. ಭಾವನ ಮುಖ ನೋಡಲಾಗಲಿಲ್ಲ ನನಗೆ. ಆ ದನಿ ಹೋಗಿಯೇಬಿಟ್ಟಿತು ಎಂದುಕೊಂಡನೋ ಏನೋ, ಡಬ್ಬದಿಂದ ಕಣ್ಣು ಕಿತ್ತು ನೆಲ ನೋಡಿದ.

ಆಗ ಅಕ್ಕ ಅವನ ಕಡೆ ತಿರುಗಿದಳು.

"ನೀನೇನು ಬಾಯಾಗೆ ಅವಲಕ್ಕಿ ತುಂಬ್ಕೊಂಡಿದ್ದೀಯಾ? ಅವ್ರು ಅಂತಾರೆ, ನೀನು ಕೇಳ್ತಾ ನಿಲ್ತೀಯಾ? ಹೆಂಡ್ತಿ ಮಾನ ಕಳಿಯೋಕೆ ಊರಿಗೆಲ್ಲ ಕೇಳೋ ಹಂಗೆ ಭಾಷಣ ಬರ್ತೈತೆ, ಇಲ್ಲಿ ಬರಲ್ವಾ? ನಲವತ್ತಮೂರು ದಿನ ಆಯ್ತು, ದಿನಾ ಅರ್ಧ ರೊಟ್ಟಿ ಮುರ್ದು ಬಿಟ್ಟು ಎದ್ದು ಹೋಗ್ತೀಯಾ, ನಂಗೆ ಕಾಣಲ್ಲ ಅನ್ಕೊಂಡ್ಯಾ? ಕನ್ನಡೀಲಿ ಮಕ ನೋಡ್ಕೊಂಡಿದ್ದೀಯಾ?"

'ಅರ್ಧ ರೊಟ್ಟಿ'ಗೆ ಬರುವಷ್ಟರಲ್ಲಿ ದನಿ ಏರಿ ಏರಿ ತನ್ನ ಜಾಗಕ್ಕೆ ಹೋಗಿ ನಿಂತಿತು. ಮೂಲೆಯ ಡಬ್ಬದಿಂದ ನೀಲಿ ಬೆಳಕು ಭಗ್ಗೆಂದು ಮಂಟಪದ ತುಂಬ ಚೆಲ್ಲಿತು. ಮುರುಗೇಂದ್ರಪ್ಪನವರ ಬಿಳಿ ಪಂಚೆ ನೀಲಿಯಾಯಿತು, ಮದುಮಕ್ಕಳು ನೀಲಿಯಾದರು. ಜನ ಶಿಳ್ಳೆ ಹೊಡೆದರು. ರಾಯದುರ್ಗದಿಂದ ಬಂದಿದ್ದ ಹಾಡುಗಾರ ಎದೆಯ ಮೇಲೆ ಕೈಯಿಟ್ಟು, "ಅಬ್ಬಾ, ಏಂ ಗೊಂತಮ್ಮಾ!" ಎಂದು ತೆಲುಗಿನಲ್ಲಿ ಅವಳ ಗಂಟಲಿಗೆ ಶರಣು ಹೊಡೆದ.

ಭಾವನಿಗೆ ಇದೊಂದೂ ಕೇಳಿಸಲಿಲ್ಲ. ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ಅಕ್ಕನ ಬಾಯಿಯ ಹತ್ತಿರಕ್ಕೆ ಒಂದು ಗೇಣು ಸರಿಸಿ ಇಟ್ಟ.

ಅಕ್ಕ ಅದನ್ನು ನೋಡಿದಳು. ಸೆರಗು ಸಿಕ್ಕಿಸಿಕೊಂಡು ಮೊದಲಿನಿಂದ ಶುರು ಮಾಡಿದಳು.