ಕಾಲು ಇಂಚಿನ ಮನುಷ್ಯ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಗಾಜಿನ ಅಂಚು ನುಣುಪಾಗಿದೆಯೇ ಎಂದು ಆ ಬೆರಳನ್ನೇ ಮೆಲ್ಲನೆ ಓಡಿಸಿ ನೋಡುತ್ತಿದ್ದರು; ಕಣ್ಣು ಬೇರೆಲ್ಲೋ ಇರುತ್ತಿತ್ತು. ಗಲ್ಫಿನ ಅಲ್ ಸದ್ದ್ ಬಡಾವಣೆಯ ಫ್ರೇಮ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ಮೀರಿ ದುಡಿದ, ಉಳ್ಳಾಲದ ಕಡೆಯ ಬ್ಯಾರಿ. ಊರ ಕಡೆಯ ನಾವೆಲ್ಲ ಅವರನ್ನು ಸಾಯ್ಬರು ಎನ್ನುತ್ತಿದ್ದೆವು. ನಾವು ಹೋದರೆ ಚಾ ತರಿಸದೆ ಬಿಡುತ್ತಿರಲಿಲ್ಲ, ಅರ್ಜೆಂಟ್ ಎಂದರೆ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ನನ್ನ ಆಫೀಸಿಗೆ ಹತ್ತಿರವೆಂದು ಅಲ್ ಸದ್ದ್‌ಗೆ ಬಂದೆ. ಬಂದ ವಾರವೇ, ಮೊದಲಿನಿಂದ ಗೊತ್ತಿದ್ದ ಸಾಯ್ಬರಿಗೆ ಫ್ರೇಮ್ ಹಾಕಲು ಒಂದು ಚಿತ್ರ ಕೊಟ್ಟೆ. ಯುರೋಪಿನ ಯಾರೋ ಇನ್ನೂರು ವರ್ಷದ ಹಿಂದೆ ಬರೆದ ಬೆಟ್ಟದ ಚಿತ್ರದ ಅಚ್ಚುಪ್ರತಿ ಅದು: ಕಡಿದಾದ ಬಂಡೆ, ಕಪ್ಪು ಮೋಡ, ಸಿಡಿಲಿಗೆ ಮುರಿದ ಮರ, ತೀರಾ ಕೆಳಗಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯ. ನಾವು ಮೊದಲಿದ್ದ ಅಲ್ ಖೋರ್‌ನ ಮನೆಯಲ್ಲಿ ಗಂಡ ಅದನ್ನು ಟೇಪು ಹಚ್ಚಿ ಗೋಡೆಗೆ ಅಂಟಿಸಿದ್ದರು. ಮಟ್ಟಸವಾದ ಈ ದೇಶದಲ್ಲಿ ಗುಡ್ಡವೆಂದು ನೋಡಲು ನಮಗಿದ್ದದ್ದು ಅದೊಂದೇ. "ಇದು ನಾನೇ. ಕಂಪೆನಿ ಬಸ್ಸು ತಪ್ಪಿತು, ನಡ್ಕೊಂಡು ಹೋಗ್ತಾ ಇದ್ದೇನೆ" ಎಂದು ಆ ಮನುಷ್ಯನನ್ನು ತೋರಿಸಿ ನಗಿಸುತ್ತಿದ್ದರು.

ಅಂಚು ಮಾಸಿದ ಚಿತ್ರವನ್ನು ಸುತ್ತಲೂ ಕಾಲು ಇಂಚು ಕತ್ತರಿಸಿ ಫ್ರೇಮ್ ಹಾಕುವುದು ಸಾಯ್ಬರ ಪದ್ಧತಿ. ನನ್ನದು ಸಿದ್ಧವಾಗಿ ಬಂದಾಗ ಬೆಟ್ಟವಿತ್ತು, ಮನುಷ್ಯ ಇರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಅವರಿಗೆ ಕನ್ನಡದಲ್ಲೇ ಹೇಳಬಹುದಿತ್ತು. ಕೌಂಟರಿನಲ್ಲಿದ್ದ ಮಲಯಾಳಿ ಮಾಲಕರಿಗೂ ತಿಳಿಯಲಿ ಎಂದೇ ಹಿಂದಿಯಲ್ಲಿ ಕೂಗಾಡಿದೆ. ಕಣ್ಣು ಕಾಣದವರು ಈ ಕೆಲಸ ಯಾಕೆ ಮಾಡಬೇಕು ಎಂದೆ.

ಸಾಯ್ಬರು ನನ್ನನ್ನು ಒಳಗೆ ಕರೆದು ಫ್ರೇಮನ್ನು ಬೋರಲು ಹಾಕಿದರು. ಬೆನ್ನಿಗೆ ಅಂಟಿಸಿದ್ದ ಲಕೋಟೆಯಲ್ಲಿ ಕತ್ತರಿಸಿದ ಪಟ್ಟಿಗಳೆಲ್ಲ ಇದ್ದವು. ಯಾರ ಚಿತ್ರದ ಚೂರನ್ನೂ ಅವರು ಎಸೆದವರಲ್ಲ.

"ಒಬ್ಬರ ಚಿತ್ರದಲ್ಲಿ ಕಸ ಅಂತ ಇರೂದಿಲ್ಲ ಅಕ್ಕ" ಎಂದರು. ಆಮೇಲೆ ದನಿ ಇಳಿಸಿದರು. "ನೀವು ಹೇಳಿದ್ದು ಹೌದು, ಕಣ್ಣು ಕಮ್ಮಿ ಆಗಿದೆ. ಮಾಲಕರಿಗೆ ಗೊತ್ತಾದ್ರೆ ಖಲಾಸ್, ಊರಿಗೆ ಕಳಿಸ್ತಾರೆ. ಸಣ್ಣ ಮಗಳ ಓದು ಇನ್ನೂ ಬಾಕಿ ಉಂಟು."

ಒಂದು ಗಂಟೆ ಕೂತು, ಹೆಬ್ಬೆರಳಿನಿಂದ ತಡವಿ ತಡವಿ, ಆ ಪಟ್ಟಿಯನ್ನು ಚಿತ್ರಕ್ಕೆ ಮರಳಿ ಕೂಡಿಸಿದರು. ಹೊರಡುವಾಗ ನಾನು ಮಾಲಕರಿಗೆ, ತಪ್ಪು ನನ್ನದು, ಅಂಚಿನಲ್ಲಿ ಮನುಷ್ಯನಿದ್ದಾನೆಂದು ಮೊದಲೇ ಹೇಳಬೇಕಿತ್ತು ಎಂದೆ. ಮಾಲಕರು ಒಳಗೆ ಸಾಯ್ಬರ ಮೇಜಿನ ಕಡೆಗೊಮ್ಮೆ ನೋಡಿ ಬಿಲ್ ಬರೆದರು.

ಎರಡು ತಿಂಗಳ ಮೇಲೆ ಹೋದಾಗ ಆ ಮೇಜಿನಲ್ಲಿ ಬೇರೊಬ್ಬರಿದ್ದರು. ಸಾಯ್ಬರ ವೀಸಾ ಕ್ಯಾನ್ಸಲ್ ಆಗಿತ್ತು. ಕಳೆದ ರಮ್ಜಾನಿನಲ್ಲಿ ಊರಿನಲ್ಲಿ ತೀರಿಕೊಂಡರೆಂದು ಉಳ್ಳಾಲದ ಟ್ಯಾಕ್ಸಿಯವರೊಬ್ಬರಿಂದ ತಿಳಿಯಿತು. ನಾನು ಅವರ ಬಳಿ ಕ್ಷಮೆ ಕೇಳಲೇ ಇಲ್ಲ.

ಚಿತ್ರ ನನ್ನ ಹಾಸಿಗೆಯ ಎದುರಿಗಿದೆ. ಬೆಟ್ಟದ ಬುಡದಲ್ಲಿ ಗಂಡ ನಡೆಯುತ್ತಲೇ ಇದ್ದಾರೆ. ಕೂಡಿಸಿದ ಗೆರೆ ಎಲ್ಲಿದೆ ಎಂದು ಕನ್ನಡಕ ಹಾಕಿಕೊಂಡು ಎಷ್ಟೋ ಸಲ ಹುಡುಕಿದ್ದೇನೆ. ನನ್ನ ಕಣ್ಣಿಗೆ ಇನ್ನೂ ಕಂಡಿಲ್ಲ.