ಐದು ದೇಶ, ಒಂದು ಕ್ಲಚ್ಚು

ಬೇಸಿಗೆ ರಜೆಗೆ ಯುರೋಪಿನ ಐದು ದೇಶಗಳನ್ನು ಕಾರಿನಲ್ಲೇ ಸುತ್ತುವುದೆಂದು ತೀರ್ಮಾನವಾದ ದಿನದಿಂದ ಅಮೆರಿಕದ ಬೆಲ್‌ವ್ಯೂ ಊರಿನ ನಮ್ಮ ಮನೆಯಲ್ಲಿ ಯಾರ ತಲೆಯೂ ನೆಟ್ಟಗಿರಲಿಲ್ಲ. ನಮ್ಮ ಯಜಮಾನರು ಸಾಫ್ಟ್‌ವೇರ್ ಮನುಷ್ಯ. ಊಟ, ನಿದ್ದೆ, ಜಗಳಕ್ಕೂ ಒಂದೊಂದು ಬಣ್ಣ ಕೊಟ್ಟು ಪಟ್ಟಿ ಮಾಡಿದರು. ಹತ್ತು ವರ್ಷದ ಮಗಳು ಸೋಫಾದ ಹಿಂದೆ ಸೂಟ್‌ಕೇಸುಗಳನ್ನು ಪೇರಿಸಿ, ಅದೇ ಕಾರಿನ ಡಿಕ್ಕಿ ಎಂದು ಘೋಷಿಸಿ, ಅಳತೆ ಟೇಪು ಹಿಡಿದು ಕೂತಳು. ನಾನಂತೂ ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲೆ ಅವಲಕ್ಕಿಗೆ ಒಗ್ಗರಣೆ ಹಾಕಲು ಯಾವ ಬಾಣಲೆ ಒಯ್ಯಬೇಕೆಂದು ಎರಡು ದಿನ ಯೋಚಿಸಿದೆ.

“ಕುಕ್ಕರ್ ಬ್ಯಾಡ ಅಂದ್ರ ನಾನೂ ಬರಂಗಿಲ್ರೀ,” ಎಂದು ಧಾರವಾಡದ ದನಿಯಲ್ಲಿ ಹೆದರಿಸಿದೆ.

“ಬಾರೇ ಮಾರಾಯ್ತಿ, ಕುಕ್ಕರ್‌ಗೂ ಒಂದ್ ಸೀಟ್ ಕೊಡೋಣ,” ಎಂದರು ಅವರು. ಬೆಂಗಳೂರಿನವರು, ಮಾತಿಗೆ ಬರವಿಲ್ಲ.

ಹೀಗೆ ಕುಣಿಯುತ್ತಿರುವಾಗ ಒಂದು ಶನಿವಾರ ಬಾಡಿಗೆ ಕಾರಿನ ವಿವರವನ್ನು ನಾನು ಓದಿದೆ. ಕಾರು ಗೇರಿನದು. ಇವರೋ ಬೆಂಗಳೂರಿನಲ್ಲಿ ಸ್ಕೂಟರು, ಆಮೇಲೆ ಕಂಪನಿ ಕ್ಯಾಬು ಬಿಟ್ಟರೆ ಬೇರೇನೂ ಕಂಡವರಲ್ಲ. ಕಾರು ಕಲಿತದ್ದೇ ಅಮೆರಿಕದಲ್ಲಿ, ಆಟೋಮ್ಯಾಟಿಕ್‌ನಲ್ಲಿ. ಕಾರು ಓಡಿಸುವಾಗ ಎಡಗಾಲಿಗೂ ಕೆಲಸವಿರುತ್ತದೆ ಎಂಬುದೇ ಅವರಿಗೆ ಸುದ್ದಿ.

“ಎಲ್ಲಾ ಕಾರೂ ಆಟೋಮ್ಯಾಟಿಕ್ಕೇ ಇರತ್ತೆ ಅಂದ್ಕೊಂಡೆ ಕಣೇ,” ಎಂದು ತಲೆ ಕೆರೆದುಕೊಂಡರು. ಹುಡುಕಿದರೆ ಆ ವಾರಕ್ಕೆ ಆಟೋಮ್ಯಾಟಿಕ್ ಒಂದೂ ಉಳಿದಿರಲಿಲ್ಲ. “ಹೋಗ್ಲಿ, ಟ್ರೈನಲ್ಲಿ ಹೋಗೋಣ.”

“ದೆನ್ ಇಟ್ಸ್ ನಾಟ್ ಅ ರೋಡ್ ಟ್ರಿಪ್!” ಎಂದು ಮಗಳು ಸೂಟ್‌ಕೇಸಿನ ಮೇಲೆಯೇ ಕುಸಿದಳು.

“ನಂಗ ಗೇರಿನ ಕಾರ್ ಬರತೈತಿ,” ಎಂದೆ. ಬಾಯಿ ತಪ್ಪಿ ಬಂದ ಮಾತೇ ಅದು. ಇಬ್ಬರೂ ನನ್ನನ್ನು ಹೊಸಬಳಂತೆ ನೋಡಿದರು.

ಧಾರವಾಡದಲ್ಲಿ ಅಪ್ಪನ ಕಾರನ್ನು ನಾನು ಸಂತೆಯ ಜನಜಂಗುಳಿಯ ನಡುವೆಯೇ ಓಡಿಸಿದವಳು. ಆದರೆ ಅಮೆರಿಕಕ್ಕೆ ಬಂದ ಹೊಸತರಲ್ಲಿ, ಫ್ರೀವೇ ಎಂಬ ವೇಗದ ಹೆದ್ದಾರಿ ಸೇರುವಾಗ ಲಾರಿಯೊಂದು ಹಾರ್ನ್ ಹೊಡೆದ ರಭಸಕ್ಕೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಅಳುತ್ತ ಕೂತಿದ್ದೆ. ಇವರು ಬಂದು, “ಇರ್ಲಿ ಬಿಡು, ಇನ್ಮೇಲೆ ನಾನೇ ಓಡಿಸ್ತೀನಿ,” ಎಂದರು. ಪ್ರೀತಿಯಿಂದಲೇ ಅಂದದ್ದು. ಆ ಪ್ರೀತಿಯಲ್ಲಿ ಒಂಬತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತೆ. ಲೈಸೆನ್ಸು ಗುರುತಿನ ಚೀಟಿಯಾಗಿ ಪರ್ಸಿನಲ್ಲಿತ್ತು. ಈಗ ನಾನು ಓಡಿಸದಿದ್ದರೆ ಈ ಪ್ರವಾಸವೇ ಇಲ್ಲ.

ಹತ್ತಿರದ ಊರು ಕೆಂಟ್‌ನ ಗೋದಾಮೊಂದರಲ್ಲಿ ಕೆಲಸ ಮಾಡುವ ಗದಗಿನ ಸ್ನೇಹಿತರೊಬ್ಬರ ಬಳಿ ಹಳೆಯ ಗೇರಿನ ಕಾರಿತ್ತು. ಭಾನುವಾರ ಅವರ ಗೋದಾಮಿನ ಖಾಲಿ ಪಾರ್ಕಿಂಗಿಗೆ ಹೋದೆವು. ಮೊದಲು ಯಜಮಾನರೇ ಕೂತರು. ಕಾರು ಆಡಿನ ಮರಿಯಂತೆ ಎರಡು ನೆಗೆತ ನೆಗೆದು ಸತ್ತಿತು. ಮತ್ತೆ ನೆಗೆಯಿತು, ಮತ್ತೆ ಸತ್ತಿತು. “ಇದರ ಕ್ಲಚ್ಚೇ ಸರಿ ಇಲ್ಲ,” ಎಂದರು. ಕುಣಿಯಲಾರದವರಿಗೆ ನೆಲ ಡೊಂಕು! ಮಗಳೂ ನಾನೂ ಹಿಂದಿನ ಸೀಟಿನಲ್ಲಿ ನಕ್ಕು ನಕ್ಕು ಕಣ್ಣೊರೆಸಿಕೊಂಡೆವು.

ಆಮೇಲೆ ನನ್ನ ಸರದಿ. ಸ್ಟಿಯರಿಂಗ್ ಎಡಗಡೆ, ಗೇರು ಬಲಗಡೆ. ನಮ್ಮ ಊರಿಗೆ ತದ್ವಿರುದ್ಧ. ಗೇರಿಗೆಂದು ಹೋದ ಎಡಗೈ ಬಾಗಿಲಿಗೆ ಬಡಿಯಿತು. ಕಾಲು ಮಾತ್ರ ಏನನ್ನೂ ಮರೆತಿರಲಿಲ್ಲ. ಕ್ಲಚ್ಚು ಮೆಲ್ಲಗೆ ಮೇಲೆ ಬಂತು, ಕಾರು ಹೊರಟಿತು. ಎರಡನೇ ಗೇರು, ಮೂರನೇ ಗೇರು! ಗೋದಾಮನ್ನು ಐದು ಸುತ್ತು ಹಾಕಿದೆ. “ಇದು ಫ್ರಾನ್ಸ್, ಇದು ಜರ್ಮನಿ,” ಎಂದು ಸುತ್ತಿಗೊಂದು ದೇಶದ ಹೆಸರು ಕೂಗಿದೆ. ಗದಗಿನವರು, “ಅಕ್ಕಾರ, ಪೆಟ್ರೋಲ್ ಮುಗೀತೈತ್ರಿ!” ಎಂದು ಹಿಂದೆ ಓಡಿ ಬಂದರು. ಇಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಇಳಿದ ಮೇಲೆ ಮಗಳು ಕೇಳಿದಳು: “ಅಮ್ಮಾ, ಹೌ ಕಮ್ ಯು ನೆವರ್ ಡ್ರೈವ್?”

ಗೋದಾಮಿನ ಅಂಗಳದಲ್ಲಿ ಯಾರು ಬೇಕಾದರೂ ಶೂರರೇ. ಲಾರಿ ಹಾರ್ನ್ ಹೊಡೆಯುವುದು ಫ್ರೀವೇಯಲ್ಲಿ. ನಮ್ಮ ಕಾರಿನ ಬಳಿ ಬಂದಾಗ ಯಜಮಾನರ ಮುಂದೆ ಕೈ ಚಾಚಿದೆ. “ಕೀಲಿ ಕೊಡ್ರಿ.”

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಕೊಟ್ಟರು.

ಫ್ರೀವೇ ಸೇರುವ ಏರಿನಲ್ಲಿ ಲಾರಿ ಬಂತು, ಪಕ್ಕದಲ್ಲೇ ಬಂತು. ನಾನು ಆಕ್ಸಿಲರೇಟರ್ ಒತ್ತಿ ಅದರ ಮುಂದೆ ಸೇರಿಕೊಂಡೆ. ಪಕ್ಕದ ಸೀಟಿನಲ್ಲಿ ಇವರು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. “ಲೇನ್ ನೋಡ್ಕೋ, ಮಿರರ್ ನೋಡ್ಕೋ,” ಎನ್ನುತ್ತಲೇ ಇದ್ದರು. ದಾರಿಯಲ್ಲಿ ಸಿಗುವ ರೆಂಟನ್ ಊರನ್ನು ದಾಟುವಷ್ಟರಲ್ಲಿ ಅವರ ದನಿ ನಿಂತಿತ್ತು. ಸಿಟ್ಟಾದರೇನೋ ಎಂದು ಓರೆಗಣ್ಣಿನಲ್ಲಿ ನೋಡಿದೆ. ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು.