ಮಗಳ ಜೊತೆ ಮಾತು ಬಿಟ್ಟ ಮೂರು ದಿನ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುತ್ತಲೇ ಬಿ.ಎ. ಮುಗಿಸಿ, ಆಮೇಲೆ ಮಾಸ್ತರನಾದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕೈಗೆ ಸಿಕ್ಕಿದ್ದರಿಂದ ಬಾರಿಸಿ ನನಗೆ ವಿಧೇಯತೆ ಕಲಿಸಿದವನು. ನಾನು ಮಾತ್ರ ನನ್ನ ಮಕ್ಕಳ ಮೇಲೆ ಕೈಯೆತ್ತುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟಿದ್ದೆ.

ಮಗಳಿಗೆ ಆಗ ಒಂಬತ್ತು ವರ್ಷ. ಒಂದು ಗುರುವಾರ ಜೋಳ ಬೀಸಿಸಿಕೊಂಡು ಸೀದಾ ಬಾ ಎಂದು ಗಿರಣಿಗೆ ಕಳಿಸಿದೆ. ಹೊತ್ತು ಮುಳುಗಿದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಗಿರಣಿಯವನು, "ಈಗ ಹಿಟ್ಟು ಒಯ್ದಳ್ರಿ ಸರ. ಬಂದ ಕೂಡ್ಲೆ ಡಬ್ಬಿ ಇಟ್ಟು ಎಲ್ಲೋ ಓಡಿದ್ಲು," ಅಂದ. ಮನೆಗೆ ಬಂದರೆ ಅವಳು ಆಗಲೇ ಬಂದಿದ್ದಳು. ಯಾಕೆ ತಡ ಎಂದು ಕೇಳಿದೆ.

"ಪಾಳೆ ಭಾಳ ಇತ್ತಪ್ಪಾ, ನನ್ನ ಮುಂದ ಮಂದಿ ನಿಂತಿದ್ರು."

"ಸುಳ್ಳು. ತಪ್ಪಾತು ಅನ್ನು."

ಅನ್ನಲಿಲ್ಲ. ಅನ್ನುವ ತನಕ ನಿನ್ನ ಜೊತೆ ಮಾತಿಲ್ಲ ಎಂದೆ. ಓದಿದವನ ಶಿಕ್ಷೆ ಇದು ಅಂತ ಒಳಗೊಳಗೇ ಹೆಮ್ಮೆ ಬೇರೆ.

ಮರುದಿನದಿಂದ ಅವಳು ಎಂದೂ ಇಲ್ಲದಷ್ಟು ವಿಧೇಯಳಾದಳು. ಕೇಳುವ ಮೊದಲೇ ನೀರು ತಂದಿಡುತ್ತಿದ್ದಳು. ಸಂಜೆಯ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಕೈಮುಗಿದು ಕೂರುತ್ತಿದ್ದಳು. ಆಮೆನ್ ಬಿಟ್ಟರೆ ಬಾಯಲ್ಲಿ ಒಂದು ಮಾತಿಲ್ಲ. ಕಾರ್ಖಾನೆಯಲ್ಲಿ ಮಾಲೀಕನ ಎದುರು ನಾನು ನಿಲ್ಲುತ್ತಿದ್ದುದು ಹೀಗೆಯೇ. ಹೇಳಿದ್ದೆಲ್ಲ ಮಾಡುತ್ತಿದ್ದೆ, ಮನಸ್ಸಿನಲ್ಲಿ ಇದ್ದುದನ್ನು ಒಂದು ದಿನವೂ ಹೇಳಲಿಲ್ಲ. ಮಗಳು ನನ್ನ ಎದುರೂ ಜನ್ಮಪೂರ್ತಿ ಹಾಗೆ ನಿಂತುಬಿಟ್ಟರೆ? ಹೆದರಿಕೆಯಾಯಿತು. ಆದರೂ ನಾನಾಗಿ ಮಾತಾಡಲು ಬಿಗುಮಾನ.

ಶನಿವಾರ, ನಮ್ಮ ಜೊತೆಗೇ ಇದ್ದ ನನ್ನ ಅಪ್ಪ ಎಲಿ ಅಡಿಕಿ ಮೆಲ್ಲುತ್ತಾ ಅಂದ: "ತಮ್ಮಾ, ನಾ ಹೊಡೀತಿದ್ದೆ ಖರೆ, ಸಂಜಿಗೆ ಮರೀತಿದ್ದೆ. ನೀ ಹೊಡ್ಯಂಗಿಲ್ಲ, ಮರಿಯಂಗೂ ಇಲ್ಲ. ಯಾವ ಸಾಲ್ಯಾಗ ಕಲ್ತಿ ಇದನ್ನ?"

ಕೇಳಿಸದವನಂತೆ ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಕೂತೆ.

ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನವಿತ್ತು. ಹೆಂಗಸರು, ಮಕ್ಕಳು ಒಂದು ಬದಿ, ಗಂಡಸರು ಒಂದು ಬದಿ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ನಾನು ಎದ್ದು ಸಾಲಿನಲ್ಲಿ ನಿಂತೆ. ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ಮಗಳು. ಎಲ್ಲರೂ ನೋಡುವಂತೆ ನಡುವಿನ ಹಾದಿ ದಾಟಿ ಬಂದಿದ್ದಳು.

"ಅಪ್ಪಾ, ಸಿಟ್ಟು ಇಟ್ಕೊಂಡು ಅಲ್ಲಿ ಹೋಗಬಾರದು ಅಂತ ನೀನ ಹೇಳಿದ್ದಿ. ನೀ ಇನ್ನಾ ನನ್ನ ಕೂಡ ಮಾತಾಡಿಲ್ಲ."

ಹಿಂದಿದ್ದವರಿಗೆ ದಾರಿ ಬಿಟ್ಟು, ಅವಳ ಕೈ ಹಿಡಿದು ಹೊರಗಿನ ಮೆಟ್ಟಿಲಿಗೆ ಬಂದೆ. ಇಬ್ಬರೂ ಕೂತೆವು.

"ತಪ್ಪಾತವ್ವಾ," ಅಂದೆ.

"ಯಾವುದಕ್ಕ?"

"ಮಾತು ಬಿಟ್ಟಿದ್ದಕ್ಕ."

ಅವಳು ಹೆಬ್ಬೆರಳಿನಿಂದ ಮೆಟ್ಟಿಲು ಕೆರೆದಳು. "ಪಾಳೆ ಇರಲಿಲ್ಲಪ್ಪಾ. ನಂದೂ ತಪ್ಪಾತು. ಗಿರಣಿ ಹಿಂದ ಆಡು ಈಯಾಕತ್ತಿತ್ತು. ಒಂದು ಮರಿ ಏಳವಲ್ದಾಗಿತ್ತು. ಹೇಳಿದ್ರ ನೀ, ಆಡು ನೋಡೂದೂ ಒಂದು ಕೆಲಸೇನು ಅಂತಿದ್ದಿ."

ಅನ್ನುತ್ತಿದ್ದೆ, ಖಂಡಿತ. ಅವಳಿಗೆ ನಾನು ಚೆನ್ನಾಗಿ ಗೊತ್ತಿದ್ದೆ. ಸೀದಾ ಬಾ ಅಂದರೆ ಸೀದಾ ಬರಬೇಕು, ಅದನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ತಪ್ಪಿದ ದಿನ ಖರೆ ಹೇಳಲು ಅವಳಿಗೆ ಒಂದು ಬಾಗಿಲು ಬೇಕಿತ್ತು. ಅದನ್ನು ಮುಚ್ಚಿ ಕೂತವನು ನಾನು.

ಒಳಗಿನಿಂದ ಸಭಾಪಾಲಕರು ಬಾಗಿಲ ಕಡೆ ನೋಡುತ್ತಿದ್ದರು. ಎಲ್ಲರದೂ ಮುಗಿದಿತ್ತು, ಬಟ್ಟಲು ಹಿಡಿದು ನನಗಾಗಿ ಕಾಯುತ್ತಿದ್ದರು. ಏಳಬೇಕಿತ್ತು. ಅದಕ್ಕೆ ಮೊದಲು ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಆ ಮರಿ ಎದ್ದಿತೇನು?"

"ಎದ್ದ ಮ್ಯಾಲೇನ ನಾ ಬಂದದ್ದು," ಅಂದಳು. ಮೂರು ದಿನದ ಮೇಲೆ ಅವಳು ನಕ್ಕದ್ದು ಆಗಲೇ.